ಟ್ಯಾಂಕಿಗೆ ಇಳಿದ ಹಣತೆ

ಶಿವಗಣಾರಾಧನೆಯ ಕಾರ್ಡನ್ನು ಯಾರೋ ನಮ್ಮ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದರು. ದೇವರಾಜ ಅರಸು ಬಡಾವಣೆಗೆ ಬಂದ ಮೇಲೆ ಇಂಥ ಕಾರ್ಡು ತಿಂಗಳಿಗೊಂದಾದರೂ ಬರುತ್ತದೆ. ಫೋಟೋ ನೋಡಿ, ಊಟ ಯಾವತ್ತು ಅಂತ ನೋಡಿ, ಟಿ.ವಿ. ಮೇಲೆ ಇಡುತ್ತೇನೆ. ಈ ಸಲ ಫೋಟೋ ನೋಡಿದವನಿಗೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುತ್ತಾರೆ, ಬಂದರೆ ಏನು ಮಾಡುವುದು? ಫೋಟೋದಲ್ಲಿ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು, ಯಾರೋ ಗದರಿಸಿ ಕೂರಿಸಿದ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾನು ಕಂಡ ಮನುಷ್ಯನ ಬಾಯಿ ಅರ್ಧ ಗಳಿಗೆ ಸುಮ್ಮನಿದ್ದದ್ದಿಲ್ಲ. ಬಾಯಿ ಬಿಡಲೇಬೇಕಾಗಿದ್ದ ಒಂದೇ ಒಂದು ದಿನ ಮಾತ್ರ ಬಿಡಲಿಲ್ಲ. ನನ್ನ ಸಿಟ್ಟು ಅದಕ್ಕೇ.

ಕಾರ್ಡಿನಲ್ಲಿ ಅವರ ಹೆಸರನ್ನು ಮನೆತನದ ಸಮೇತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಂದು ಮಸಿ ಹತ್ತಿದೆ, ಹತ್ತಿಸಿದವನು ನಾನು. ಕಾರ್ಖಾನೆಯಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದೆವು, ಇಲ್ಲೂ ಅಷ್ಟೇ ಇರಲಿ.

ಕಾರ್ಖಾನೆ ಇರುವುದು ಹರಿಹರದ ಹೊರಗೆ. ಕಾರ್ಖಾನೆ ಅನ್ನುವುದಕ್ಕಿಂತ ದೊಡ್ಡ ಶೆಡ್ಡು ಅನ್ನಬಹುದು. ಹಾಲಿನ ಡೇರಿಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕು ಮಾಡಿಕೊಡುತ್ತಾರೆ. ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೂಪರ್‌ವೈಸರ್ ಆಗಿ ಸೇರಿದ್ದೆ. ಮೇಸ್ತ್ರಿ ಅಲ್ಲಿಯ ವೆಲ್ಡರು, ಐವತ್ತೈದು ದಾಟಿದ್ದರು. ಸ್ಟೇನ್‌ಲೆಸ್ ಸ್ಟೀಲನ್ನು ಬೆಸೆಯುವಾಗ ಕಾದ ಜಾಗಕ್ಕೆ ಗಾಳಿ ತಾಕಿದರೆ ಬೆಸುಗೆ ಕಪ್ಪಾಗಿ ಕೆಡುತ್ತದೆ. ಗಾಳಿ ತಾಕದ ಹಾಗೆ ಸುತ್ತಲೂ ಆರ್ಗಾನ್ ಅನಿಲ ಬಿಡುತ್ತಾ ಬೆಸೆಯಬೇಕು. ಆ ಕೆಲಸದಲ್ಲಿ ಅವರ ಕೈ ಹೇಗಿತ್ತೆಂದರೆ, ಟ್ಯಾಂಕಿನ ಒಳಗೆ ಕೈಯಾಡಿಸಿದರೆ ಎರಡು ತಗಡು ಎಲ್ಲಿ ಕೂಡಿವೆ ಅಂತ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಹಾಲು ನಿಲ್ಲುವ ಜಾಗ ಹಾಗೇ ಇರಬೇಕು, ಸಣ್ಣ ಸಂದಿ ಉಳಿದರೂ ಅಲ್ಲಿ ಹಾಲು ಹುಳಿಯುತ್ತದೆ.

ಕೈ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಆ ಕೈ ಕೆಲಸಕ್ಕೆ ಇಳಿಯುವ ಹೊತ್ತಿಗೆ ನನ್ನ ತಾಳ್ಮೆ ಮುಗಿದಿರುತ್ತಿತ್ತು. ಬೆಳಗ್ಗೆ ಬಂದವರೇ ಆರ್ಗಾನ್ ಸಿಲಿಂಡರಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಎರಡು ಊದಿನಕಡ್ಡಿ ಹಚ್ಚುವರು. ಒಂದು ಕಡ್ಡಿ ಸಿಲಿಂಡರಿಗೆ, ಇನ್ನೊಂದು ಕೆಲಸಕ್ಕೆ. ಪೈಪು ಬೆಸೆಯುವ ಮೊದಲು ಅದರ ಒಳಗೆಲ್ಲ ಆರ್ಗಾನ್ ತುಂಬಬೇಕು. ತುಂಬಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಅವರು ಪೈಪಿನ ಇನ್ನೊಂದು ತುದಿಯ ತೂತಿಗೆ ಊದಿನಕಡ್ಡಿ ಹಿಡಿದು ಕಾಯುವರು. ಕೆಂಡ ಮಂಕಾಗಿ ಆರಿದರೆ ಗಾಳಿ ಪೂರ್ತಿ ಹೊರಟಿದೆ ಅಂತ ಲೆಕ್ಕ. ಆರುವವರೆಗೆ ಮಾತು. ಮಾತು ಅಂದರೆ ಮಗಳ ಬಾಣಂತನದಿಂದ ಹಿಡಿದು ತಮ್ಮ ನಿಟ್ಟುವಳ್ಳಿಯ ನಲ್ಲಿಗೆ ನೀರು ಬಿಡುವ ಹೊತ್ತಿನವರೆಗೆ. ನಾನು ಕೈಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಾ ನಿಂತಿರುತ್ತಿದ್ದೆ.

ಪೈಪಿನದು ಹೋಗಲಿ. ಟ್ಯಾಂಕಿನ ಒಳಗೆ ಇಳಿಯಬೇಕಾದಾಗ ಅವರದು ದೊಡ್ಡ ಸಂಭ್ರಮ. ತಮ್ಮ ಊಟದ ಚೀಲದಿಂದ ಒಂದು ಮಣ್ಣಿನ ಹಣತೆ, ಸಣ್ಣ ಬಾಟಲಿಯಲ್ಲಿ ಎಣ್ಣೆ, ಬತ್ತಿ ಎಲ್ಲ ತೆಗೆಯುವರು. ಹಣತೆಗೆ ತಂತಿ ಕಟ್ಟಿ, ಹಚ್ಚಿ, ಟ್ಯಾಂಕಿನ ನೆತ್ತಿಯ ಬಾಯಿಯಿಂದ ಬಾವಿಗೆ ಕೊಡ ಬಿಟ್ಟ ಹಾಗೆ ನಿಧಾನಕ್ಕೆ ಇಳಿಸುವರು. ತಳಕ್ಕೆ ಮುಟ್ಟಿಸಿ ನೂರು ಎಣಿಸುವರು. ದೀಪ ಉರಿಯುತ್ತಿದ್ದರೆ ಇಳಿಯುವರು. ಮಂಕಾದರೆ ಟ್ಯಾಂಕನ್ನು ಉರುಳಿಸಿ, ಬಾಯಿ ಪಕ್ಕಕ್ಕೆ ಬರುವ ಹಾಗೆ ಮಾಡಿ, ಒಳಗಿನದನ್ನು ‘ಚೆಲ್ಲಿ’, ಮತ್ತೆ ನೆಟ್ಟಗೆ ಮಾಡಿ, ಮತ್ತೆ ಹಣತೆ. ಊಟಕ್ಕೆ ಹೋಗಿ ಬಂದರೂ ಇಷ್ಟೆಲ್ಲ ಮೊದಲಿಂದ ಆಗಬೇಕು. ಮುಗಿಯುವಷ್ಟರಲ್ಲಿ ಅರ್ಧ ಮಧ್ಯಾಹ್ನ ಹೋಗುತ್ತಿತ್ತು.

“ಮೇಸ್ತ್ರಿ, ಅದು ಆರ್ಗಾನು. ವಿಷ ಅಲ್ಲ” ಅಂದೆ ಒಂದು ದಿನ, ಹರಿಹರದ ಬಸ್ಸಿನಲ್ಲಿ. ದಾವಣಗೆರೆಯಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನಾನು ಎಲ್ಲಿ ಕೂತರೂ ಪಕ್ಕದವನನ್ನು ಎಬ್ಬಿಸಿ ಅಲ್ಲಿಗೇ ಬಂದು ಕೂರುವರು.

“ನಿಮ್ಮ ಪುಸ್ತಕದಾಗ ಅದರ ಬಗ್ಗೆ ಏನು ಬರ್ದಾರ್ರಿ, ಇಂಜಿನಿಯರ್ ಸಾಹೇಬ್ರ?”

ಡಿಪ್ಲೊಮಾದವನಿಗೆ ಇಂಜಿನಿಯರ್ ಸಾಹೇಬ್ರು ಅನ್ನುವುದು ಅವರ ಕೊಂಕು. ಗೊತ್ತಿದ್ದೂ ನಾನು ಪಾಠ ಒಪ್ಪಿಸಿದೆ. “ಏನೂ ಮಾಡಲ್ಲ ಅಂತ ಬರ್ದಾರೆ. ಉರಿಯಲ್ಲ, ಯಾವುದರ ಜತೆಗೂ ಕೂಡಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಹೆಸರಿನ ಅರ್ಥವೇ ಸೋಮಾರಿ ಅಂತ.”

“ಸೋಮಾರಿ ಅಂತಾರೇನ್ರಿ? ಅಂದೋರ ಬಾಯಿಗೆ ಮಣ್ಣು ಹಾಕ! ದಿನಾ ಎಂಟು ತಾಸು ನನ್ನ ಬೆಂಕಿ ಸುತ್ತ ಕಾವಲು ನಿಂದರ್ತೈತೆ. ಕಾವಲು ನಿಂತೋನು ಕೈಯಾಡಿಸಲ್ಲ ಅಂತ ಸೋಮಾರಿ ಆಗ್ತಾನೇನು?” ಮುಂದಿನ ಸೀಟಿನವರು ತಿರುಗಿ ನೋಡಿದರು. “ಮತ್ತ ವಾಸನಿ ಇಲ್ಲ ಅಂದ್ರಲ್ಲ, ಅದೇ ನೋಡ್ರಿ ಅದರ ಕೆಟ್ಟ ಗುಣ. ಅಡಿಗಿ ಗ್ಯಾಸಿಗೆ ಬೇಕಂತ್ಲೇ ವಾಸನಿ ಕೂಡಸ್ತಾರೆ, ಸೋರಿದ್ರೆ ಗೊತ್ತಾಗ್ಲಿ ಅಂತ. ಇದು ಬಂದಿದ್ದೂ ಗೊತ್ತಾಗಲ್ಲ, ಕುಂತಿದ್ದೂ ಗೊತ್ತಾಗಲ್ಲ.”

ನಾವು ಉಸಿರಾಡುವ ಗಾಳಿಯಲ್ಲೂ ನೂರಕ್ಕೆ ಒಂದು ಪಾಲಿನಷ್ಟು ಅದೇ ಇದೆ ಅಂದೆ. ಅವರಿಗೆ ಅದು ಗೊತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಉಸಿರೆಳೆದು ಬಿಟ್ಟರು.

“ಒಳಗ ಹೋಗಿ ಹೊಳ್ಳಿ ಬರ್ತೈತಾ? ಏನೂ ಇಸ್ಕಳಲ್ಲ, ಏನೂ ಕೊಡಲ್ಲ? ಇಂಥಾ ಜಂಗಮನ್ನ ನಾ ಎಲ್ಲೂ ಕಂಡಿಲ್ಲ ಬಿಡ್ರಿ.”

ಅವತ್ತಿನಿಂದ ನನಗೆ ಬಿಡುಗಡೆಯೇ ಇಲ್ಲ. ದಿನಾ ಆರ್ಗಾನ್ ಬಗ್ಗೆ ಒಂದು ಪ್ರಶ್ನೆ. ಇದು ನೀರಾಗುತ್ತದೋ ಇಲ್ಲವೋ ಅಂತ ಕೇಳಿದರು. ಹಳೇ ಪುಸ್ತಕ ತೆಗೆದು ನೋಡಿಕೊಂಡು ಬಂದು ಹೇಳಿದೆ: ಸೊನ್ನೆಯಿಂದ ಕೆಳಗೆ ನೂರ ಎಂಬತ್ತಾರು ಡಿಗ್ರಿಗೆ ತಂಪು ಮಾಡಿದರೆ ನೀರಾಗುತ್ತದೆ, ಇನ್ನು ಮೂರು ಡಿಗ್ರಿ ಇಳಿಸಿದರೆ ಕಲ್ಲಾಗುತ್ತದೆ.

“ಮೂರೇ ಡಿಗ್ರಿ?” ಅವರು ನನ್ನ ತೊಡೆಗೆ ಹೊಡೆದರು. “ನೂರಾರು ಡಿಗ್ರಿ ಗಾಳಿಯಾಗಿ ತಿರುಗಿ, ಮೂರೇ ಡಿಗ್ರಿ ನೀರಾಗಿದ್ದು ಕಲ್ಲಾಗಿಬಿಡ್ತೈತಾ? ನಿಮ್ಮಂಗ ಐತೆ ನೋಡ್ರಿ ಸಾಹೇಬ್ರ. ಕಲ್ಲು, ಇಲ್ಲಾಂದ್ರೆ ಗಾಳಿ. ನೀವು ಕರಗಿರೋದು ಮೂರೇ ಡಿಗ್ರಿ!”

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಮಾರನೆಯ ದಿನದಿಂದ ಶೆಡ್ಡಿನಲ್ಲಿ ನನಗೆ ‘ಮೂರು ಡಿಗ್ರಿ’ ಅಂತ ಹೆಸರಾಯಿತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಇನ್ನೊಂದು ಸಲ ಇದಕ್ಕಿಂತ ಹೆಚ್ಚು ಮಾನ ಹೋಯಿತು. ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಅಂತ ತಿಳಿಯಲು ನಾನು ಅದನ್ನು ಓರೆ ಮಾಡಿ ಅಲ್ಲಾಡಿಸಿದೆ. ಮನೆಯಲ್ಲಿ ಗ್ಯಾಸು ಮುಗಿಯಿತೋ ಅಂತ ನೋಡುವ ರೂಢಿ. ಮೇಸ್ತ್ರಿ ಬೆಸೆಯುವ ಟಾರ್ಚನ್ನು, ಅಂದರೆ ಆರ್ಗಾನ್ ಹೊರಬರುವ ಹಿಡಿಕೆಯನ್ನು, ಕೆಳಗಿಟ್ಟು ಎಲ್ಲರನ್ನೂ ಕರೆದರು. “ಬರ್ರಿ, ಬರ್ರಿ, ಸಾಹೇಬ್ರು ಆರ್ಗಾನ್ ಕುಲುಕ್ತಾ ಅದಾರೆ!” ಆಮೇಲೆ ನನಗೇ ಪಾಠ. ಅಡಿಗೆ ಗ್ಯಾಸು ಒತ್ತಿ ತುಂಬಿದರೆ ಸಿಲಿಂಡರಿನೊಳಗೆ ನೀರಾಗುತ್ತದೆ, ಕುಲುಕಿದರೆ ಗೊತ್ತಾಗುತ್ತದೆ. ಆರ್ಗಾನ್ ಎಷ್ಟು ಒತ್ತಿದರೂ ಒಳಗೆ ಗಾಳಿಯಾಗೇ ಇರುತ್ತದೆ. ತುಂಬಿದ್ದೂ ಖಾಲಿಯೂ ಕೈಗೆ ಒಂದೇ ಥರ. ಚಾವಿ ಹಾಕಿ ತೆಗೆದು ಗೇಜಿನ ಮುಳ್ಳು ನೋಡಬೇಕು, ಬೇರೆ ದಾರಿಯಿಲ್ಲ. ಡಿಪ್ಲೊಮಾ ಓದಿದವನು ನಾನು, ನಾಲ್ಕನೇ ಇಯತ್ತೆ ಓದಿದವರು ಅವರು. ಆ ಚಾವಿ ಶೆಡ್ಡಿನಲ್ಲಿ ಎರಡಿದ್ದವು: ಒಂದು ಮೇಸ್ತ್ರಿಯ ಸೊಂಟದ ಉಡಿದಾರದಲ್ಲಿ, ಇನ್ನೊಂದು ನನ್ನ ಮೇಜಿನ ಡ್ರಾಯರಿನಲ್ಲಿ. ಇದನ್ನು ನೆನಪಿಟ್ಟುಕೊಂಡಿರಿ.

ಹಣತೆ ಯಾಕೆ ಅಂತ ನಾನು ಕೇಳದೆ ಇರಲಿಲ್ಲ. ಕೇಳಿದ ದಿನ ಅವರು ಒಂದು ಖಾಲಿ ಬಕೆಟ್ಟಿಗೆ ಆರ್ಗಾನ್ ಪೈಪು ಇಳಿಬಿಟ್ಟು ಐದು ನಿಮಿಷ ಕಾದರು. ನೆಲದ ಮೇಲೆ ಒಂದು ಡಬ್ಬಿ, ಡಬ್ಬಿಯ ತಳದಲ್ಲಿ ಉರಿಯುವ ಹಣತೆ. ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಏನೂ ಇಲ್ಲದ ಬಕೆಟ್ಟನ್ನು ಡಬ್ಬಿಗೆ ಬಗ್ಗಿಸಿದರು. ಒಂದು ಹನಿ ಬೀಳಲಿಲ್ಲ, ಒಂದು ಸದ್ದು ಬರಲಿಲ್ಲ. ದೀಪ ಆರಿತು.

“ಗಾಳಿಗಿಂತ ತೂಕ ಐತೆ ಇದು. ತೆಗ್ಗಿನಾಗ ಹೋಗಿ ಕುಂದರ್ತೈತೆ. ಟ್ಯಾಂಕಿನ ಬಾಯಿ ಮ್ಯಾಲೈತೆ, ಇದು ತಳದಾಗೈತೆ. ತಾನಾಗಿ ಎದ್ದು ಹೋಗಲ್ಲ. ನೀವು ಬಗ್ಗಿದ್ರೆ ನಿಮ್ಮ ಮೂಗಿಗೆ ಗಾಳಿ ಇಲ್ಲ. ಹೊಗಿ ಇಲ್ಲ, ಕೆಮ್ಮು ಇಲ್ಲ, ಉಸಿರು ಕಟ್ಟಿದಂಗೂ ಆಗಲ್ಲ. ನಿದ್ದಿ ಬಂದಂಗಾಗಿ ಬೀಳ್ತೀರಿ. ದೀಪ ನಮಗಿಂತ ಮೊದ್ಲು ಆರ್ತೈತೆ, ಅದಕ್ಕೇ ಅದನ್ನ ಮುಂದ ಕಳಸೋದು.” ಡಬ್ಬಿಯಿಂದ ಹಣತೆ ಎತ್ತಿಕೊಂಡು ಅಂದರು: “ಬೊಂಬಾಯಿ ಕಡೆ ಕೆಲಸದಾಗಿದ್ದಾಗ ಒಬ್ಬ ಬಿದ್ದ. ಅವನ್ನ ತೆಗಿಯಾಕೆ ಇನ್ನೊಬ್ಬ ಇಳಿದ. ಅವನ್ನ ತೆಗಿಯಾಕೆ ಮೂರನೇವ. ನಾಲ್ಕನೇವ ನಾನು ಆಗಬೇಕಿತ್ತು, ಏಣಿ ಸಿಗಲಿಲ್ಲ. ಬಿದ್ದೋರ ಹಿಂದ ಇಳಿಬಾರ್ದು ಸಾಹೇಬ್ರ, ಅಷ್ಟು ತಿಳ್ಕಳ್ರಿ.”

ತಿಳಿದುಕೊಂಡೆನೇ? ಚಮತ್ಕಾರ ನೋಡಿದ ಹಾಗೆ ನೋಡಿ ನಕ್ಕೆ. ‘ಹಣತೆ ಇಳಿಸದೆ ಟ್ಯಾಂಕಿಗೆ ಇಳಿಯಬಾರದು’ ಅಂತ ಗೋಡೆಗೆ ಒಂದು ಬೋರ್ಡು ಬರೆಸಿ ಅಂತ ಅವರು ವರ್ಷದಿಂದ ಹೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಟಾರ್ಚಿನ ತಿರುಪು ಸವೆದು ಸೋರುತ್ತಿದೆ, ಹೊಸದು ತರಿಸಿ ಅಂತ ಒಂದು ತಿಂಗಳಿಂದ ಹೇಳುತ್ತಿದ್ದರು. ಅದಕ್ಕೂ ಹೂಂ. ಸೋರುತ್ತದೆ ಅಂತಲೇ ಅವರು ಊಟಕ್ಕೆ ಹೋಗುವಾಗ ಟಾರ್ಚನ್ನು ನಂಬದೆ ಸಿಲಿಂಡರನ್ನೇ ಚಾವಿ ಹಾಕಿ ಬಿಗಿಯಾಗಿ ಮುಚ್ಚಿ ಹೋಗುತ್ತಿದ್ದರು.

ದಾವಣಗೆರೆ ಜಿಲ್ಲೆಯಾದ ಮರು ಬೇಸಿಗೆ. ಒಂದು ಡೇರಿಗೆ ಟ್ಯಾಂಕು ಕೊಡುವುದು ಎರಡು ವಾರ ತಡವಾಗಿತ್ತು. ಅವತ್ತು ಸಂಜೆ ಅವರ ಕಡೆಯಿಂದ ಪರೀಕ್ಷೆಗೆ ಬರುವವರಿದ್ದರು. ನನ್ನ ಕೆಲಸ ಇನ್ನೂ ಕಾಯಮ್ಮಾಗಿರಲಿಲ್ಲ. ಈ ಟ್ಯಾಂಕು ಹೊರಗೆ ಹೋದ ಮೇಲೆ ನೋಡೋಣ ಅಂದಿದ್ದರು ಶೆಡ್ಡಿನ ಸಾವುಕಾರ್ರು. ಸರಸ್ವತಿ ನಗರದ ಹುಡುಗಿಯ ಜತೆ ನನ್ನ ಮದುವೆ ಗೊತ್ತಾಗಿ, ಅವರಪ್ಪ ವಾರಕ್ಕೊಮ್ಮೆ ಫೋನು ಮಾಡಿ ಕಾಯಮ್ಮಾತೇನು ಅಂತ ಕೇಳುತ್ತಿದ್ದರು. ಇಷ್ಟೆಲ್ಲದರ ನಡುವೆ ಮೇಸ್ತ್ರಿ ಸರಿಯಾಗಿ ಒಂದು ಗಂಟೆಗೆ ಸಿಲಿಂಡರ್ ಮುಚ್ಚಿ, ಟಾರ್ಚನ್ನು ಟ್ಯಾಂಕಿನ ತಳದಲ್ಲೇ ಬಿಟ್ಟು, ರೊಟ್ಟಿ ಗಂಟು ಹಿಡಿದು ಬೇವಿನ ಮರದ ಕೆಳಗೆ ಹೋದರು.

ಸಂಜೆಯವರೆಗೆ ಗ್ಯಾಸು ಸಾಲುತ್ತದೋ ಇಲ್ಲವೋ ಅಂತ ನನಗೆ ಹೆದರಿಕೆ. ಡ್ರಾಯರಿನ ಚಾವಿ ತಂದು ಸಿಲಿಂಡರ್ ತೆಗೆದು ಮುಳ್ಳು ನೋಡಿದೆ. ಸಾಲುವಷ್ಟಿತ್ತು. ಅಷ್ಟರಲ್ಲಿ ಆಫೀಸಿನ ಫೋನು ಹೊಡೆದುಕೊಂಡಿತು, ಓಡಿದೆ. ಚಾವಿ ಸಿಲಿಂಡರಿನ ಮೇಲೇ ಉಳಿಯಿತು. ಸಿಲಿಂಡರ್ ತೆರೆದೇ ಉಳಿಯಿತು.

ಮುಕ್ಕಾಲು ಗಂಟೆ ಬಿಟ್ಟು ಬಂದೆ. ಮೇಸ್ತ್ರಿ ಇನ್ನೂ ಬಂದಿರಲಿಲ್ಲ. ಬಂದರೆ ಮತ್ತೆ ಹಣತೆ, ಮತ್ತೆ ನೂರು ಎಣಿಸುವುದು. ಅವರು ಬರುವ ಮೊದಲೇ ತಳದ ಬೆಸುಗೆ ಒಮ್ಮೆ ನೋಡಿಬಿಡೋಣ ಅಂತ ಏಣಿ ಇಟ್ಟು ಇಳಿದೆ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಹಾಯೆನಿಸಿತು. ಫ್ಯಾನು ಇರಲಿಲ್ಲ, ಫ್ಯಾನಿನ ಗಾಳಿ ಆರ್ಗಾನನ್ನು ಚದುರಿಸುತ್ತದೆಂದು ಬೆಸೆಯುವ ಟ್ಯಾಂಕಿನಲ್ಲಿ ಹಾಕುತ್ತಿರಲಿಲ್ಲ. ಮಂಡಿಯೂರಿ, ಮುಖವನ್ನು ತಳದ ಹತ್ತಿರ ತಂದು ಬೆಸುಗೆ ನೋಡಿದೆ. ಎಷ್ಟು ಚೆನ್ನಾಗಿ ಕೂಡಿಸಿದ್ದಾರೆ ಅಂದುಕೊಂಡದ್ದು ನೆನಪಿದೆ. ಅಷ್ಟೇ ನೆನಪಿರುವುದು.

ಮುಂದಿನದನ್ನು ನನಗೆ ಹೇಳಿದ್ದು ಫಿಟ್ಟರ್ ಮಂಜಪ್ಪ, ದಾವಣಗೆರೆಯ ಆಸ್ಪತ್ರೆಯಲ್ಲಿ. ನಾನು ಬಿದ್ದದ್ದನ್ನು ಮೊದಲು ಕಂಡವನು ಅವನೇ. ಹಿಂದೆ ಮುಂದೆ ನೋಡದೆ ಟ್ಯಾಂಕಿನ ಬಾಯಿಗೆ ಕಾಲು ಹಾಕಿದ್ದಾನೆ. ಮೇಸ್ತ್ರಿ ಓಡಿಬಂದು ಅವನನ್ನು ಎಳೆದು ಕೆಡವಿದ್ದಾರೆ. ಅವನು ಮತ್ತೆ ಏರಿದರೆ ರಬ್ಬರ್ ಪೈಪಿನಿಂದ ಕಾಲಿಗೆ ಬಾರಿಸಿದ್ದಾರೆ.

“ನೀವಲ್ಲಿ ಸಾಯ್ತಾ ಬಿದ್ದೀರಿ, ಆ ಮುದುಕ ತಾನೂ ಇಳೀಲಿಲ್ಲ, ಇಳಿಯೋರನ್ನೂ ಬಿಡಲಿಲ್ಲ ಸಾರ್! ನೋಡ್ರಿ, ಬರೆ ಹೆಂಗ್ ಬಿದ್ದೈತೆ. ಟ್ಯಾಂಕು ಉರುಳಸ್ರಲೇ ಅಂತ ಕೂಗಿದ. ಒಳಗ ಮನುಷ್ಯ ಅದಾನೆ, ಹೆಂಗ್ ಉರುಳಸ್ತೀಯ ಅಂದ್ರೆ, ಬೈಗುಳ. ಕಡಿಗೆ ಎಲ್ರೂ ಕೂಡಿ ಉರುಳಿಸಿದ್ವಿ. ಬಾಯಿ ಪಕ್ಕಕ್ಕೆ ಬಂತು, ಕಂಪ್ರೆಸರ್ ಗಾಳಿ ಬಿಟ್ಟು ನಿಮ್ಮ ಕಾಲು ಹಿಡಿದು ಎಳ್ಕಂಡ್ವಿ. ಏಣಿ ನಿಮ್ಮ ಮ್ಯಾಲೇ ಬಿತ್ತು.”

ಏಣಿ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿದಿತ್ತು. ಇನ್ನೆರಡು ನಿಮಿಷ ತಡವಾಗಿದ್ದರೆ ಮೂಳೆಯ ಚಿಂತೆಯೇ ಇರುತ್ತಿರಲಿಲ್ಲ ಅಂದರು ಡಾಕ್ಟರು. ಅವತ್ತು ಮಂಜಪ್ಪ ಇಳಿದಿದ್ದರೆ ನನ್ನ ಪಕ್ಕದಲ್ಲಿ ಮಲಗುತ್ತಿದ್ದ. ಅವನಿಗೆ ಅದನ್ನು ಹೇಳಬೇಕಿತ್ತು. ಬಾಯಿ ಬರುವ ಮೊದಲೇ ಅವನು ಮುಂದಿನದು ಹೇಳಿದ: “ಸಾವುಕಾರ್ರು ಬಂದು, ಗ್ಯಾಸ್ ಬಿಟ್ಟು ಹೋದೋರು ಯಾರು ಅಂತ ಕೇಳಿದ್ರು. ‘ನನ್ನ ಸಿಲಿಂಡರು, ನನ್ನ ಟಾರ್ಚು. ನಾನೇ ನೋಡ್ಕಬೇಕಿತ್ತು’ ಅಂದ ಮೇಸ್ತ್ರಿ. ನಾಳಿಂದ ಬರಬ್ಯಾಡ ಅಂದ್ರು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಮುಟ್ಟಿ ನೋಡಿಕೊಳ್ಳಲೂ ಆಗದ ಹಾಗೆ ಹೆಗಲಿಗೇ ಪಟ್ಟಿ ಬಿಗಿದಿದ್ದರು. ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬಿದ್ದದ್ದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ಮಾರನೆಯ ದಿನ ಮೇಸ್ತ್ರಿ ಬಂದರು. ಕೈಯಲ್ಲಿ ಎರಡು ಎಳನೀರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ನನ್ನ ತಲೆ ತಿನ್ನುತ್ತಿದ್ದ ಮನುಷ್ಯ! ಆಮೇಲೆ ಬಗ್ಗಿ, ಪಕ್ಕದ ಮಂಚದವರಿಗೆ ಕೇಳದ ಹಾಗೆ ಒಂದೇ ಮಾತು ಹೇಳಿದರು.

“ನಿಮ್ಮ ಚಾವಿ ಡ್ರಾಯರ್‌ನಾಗ ಇಟ್ಟೀನ್ರಿ ಸಾಹೇಬ್ರ.”

ಸಾವುಕಾರ್ರು ಬರುವ ಮೊದಲೇ ಅವರು ಸಿಲಿಂಡರಿನ ಮೇಲಿಂದ ಚಾವಿ ತೆಗೆದಿದ್ದರು. ಅವರ ಚಾವಿ ಉಡಿದಾರದಲ್ಲೇ ಇತ್ತು. ಅವರಿಗೆ ಎಲ್ಲ ಗೊತ್ತಿತ್ತು. ಹೇಳಿಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಮದುವೆಯೂ ಹೋಗುತ್ತಿತ್ತೋ ಏನೋ. ಅವರು ಹೇಳಿರಲಿಲ್ಲ, ಹೇಳುವುದನ್ನು ನನಗೆ ಬಿಟ್ಟಿದ್ದರು. ಸ್ಟೂಲಿನ ಮೇಲೆ ಕೂತು ಅದಕ್ಕೇ ಕಾಯುತ್ತಿದ್ದರು.

ತಲೆ ನೋಯುತ್ತಿದೆ ಅಂದೆ ನಾನು. ಗೋಡೆಯ ಕಡೆ ಮುಖ ತಿರುಗಿಸಿದೆ.

“ಆರಾಮ ಮಾಡ್ರಿ” ಅಂದು ಎದ್ದುಹೋದರು.

ಆ ಮನುಷ್ಯನ ಮೇಲೆ ಸಿಟ್ಟು ಯಾಕೆ ಅಂತ ಈಗ ತಿಳಿಯಿತಲ್ಲ. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಜಗಳದಲ್ಲಿ ನಿಜ ಹೊರಗೆ ಬೀಳುತ್ತಿತ್ತು. ‘ಚಾವಿ ಯಾರದು ಹೇಳಲೇ’ ಅಂತ ಶೆಡ್ಡಿನ ನಡುವೆ ನಿಂತು ಕೂಗಬಹುದಿತ್ತು. ಊರೆಲ್ಲದರ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡುವವರು ತಮ್ಮದೊಂದು ಬಿಟ್ಟರು. ನನ್ನ ಮೇಲೆ ಅಷ್ಟು ಭರವಸೆ ಇಟ್ಟುಕೊಳ್ಳಿ ಅಂತ ಅವರಿಗೆ ಹೇಳಿದವರು ಯಾರು?

ಎರಡು ತಿಂಗಳಿಗೆ ನನ್ನ ಕೆಲಸ ಕಾಯಮ್ಮಾಯಿತು. ಮದುವೆಯೂ ಆಯಿತು. ಮಂಜಪ್ಪ ಮೇಸ್ತ್ರಿಯಾದ. ಅವನು ಕಾಲಿನ ಬರೆ ತೋರಿಸಿ ಹೇಳಿದ ಕಥೆ ಹರಿಹರದ ಶೆಡ್ಡುಗಳಲ್ಲೆಲ್ಲ ತಿರುಗಿತು: ಗ್ಯಾಸ್ ಬಿಟ್ಟುಹೋದ, ಸಾಯುವವನನ್ನು ನಿಂತು ನೋಡಿದ. ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ನಿಟ್ಟುವಳ್ಳಿಯಲ್ಲಿ ಯಾರದೋ ಅಂಗಡಿಯ ಮುಂದೆ ಕೂತು ಕಿಟಕಿಯ ಸರಳು, ಗೇಟು ಬೆಸೆಯುತ್ತಿದ್ದಾರೆ ಅಂತ ಕೇಳಿದೆ. ಬೆರಳಿಗೆ ಗೊತ್ತಾಗದ ಹಾಗೆ ತಗಡು ಕೂಡಿಸುವ ಕೈ, ಗೇಟಿಗೆ ಕಬ್ಬಿಣದ ಗಂಟು ಹಾಕುತ್ತಿತ್ತು. ನಮ್ಮ ಮನೆಯಿಂದ ನಿಟ್ಟುವಳ್ಳಿ ಸ್ಕೂಟರಿನಲ್ಲಿ ಎಷ್ಟು ದೂರ? ಎರಡು ಸಲ ಹೊರಟೆ. ಒಂದು ಸಲ ಪೆಟ್ರೋಲ್ ಹಾಕಿಸಿಕೊಂಡು ವಾಪಸು ಬಂದೆ. ಇನ್ನೊಂದು ಸಲ ಅವರ ಓಣಿಯ ಮೂಲೆಯವರೆಗೆ ಹೋಗಿ, ಅಂಗಡಿಯಲ್ಲಿ ಬೇಡದ ಬಾಳೆಹಣ್ಣು ಕೊಂಡು ತಿರುಗಿದೆ.

ಅಷ್ಟಾದರೂ ಶೆಡ್ಡಿಗೆ ಬುದ್ಧಿ ಬಂತೇ? ಸಾವುಕಾರ್ರು ಟ್ಯಾಂಕಿಗೆ ಒಂದು ಫ್ಯಾನು ತಂದರು. ಬೆಸೆಯುವಾಗ ಅದನ್ನು ಆರಿಸುತ್ತಾರೆ, ಆಮೇಲೆ ಹಾಕುವುದನ್ನು ಮರೆಯುತ್ತಾರೆ. ಗೋಡೆಗೆ ಬೋರ್ಡು ನಾನು ಇವತ್ತಿನವರೆಗೂ ಬರೆಸಿಲ್ಲ, ಯಾಕೆ ಈಗ ಅಂತ ಯಾರಾದರೂ ಕೇಳಿಯಾರು ಅಂತ. ಯಾರೂ ಇಲ್ಲದಾಗ ಮಾತ್ರ ನನ್ನ ಚೀಲದ ಹಣತೆ ತೆಗೆದು ಟ್ಯಾಂಕಿಗೆ ಇಳಿಸುತ್ತೇನೆ. ಯಾರಾದರೂ ಬಂದರೆ, ಸ್ಪ್ಯಾನರು ಒಳಗೆ ಬಿತ್ತು, ಹುಡುಕುತ್ತಿದ್ದೇನೆ ಅನ್ನುತ್ತೇನೆ.

ಕಾರ್ಡು ಬಂದಿದ್ದರಿಂದ ಹೋಗಲೇಬೇಕಾಯಿತು. ನಿಟ್ಟುವಳ್ಳಿಯ ಆ ಓಣಿಯಲ್ಲಿ ಶಾಮಿಯಾನ ಹಾಕಿದ್ದರು. ಕಾರ್ಡಿನ ಅದೇ ಫೋಟೋವನ್ನು ದೊಡ್ಡದು ಮಾಡಿಸಿ ಹೂ ಹಾಕಿದ್ದರು, ಮುಂದೆ ಹಣತೆ ಉರಿಯುತ್ತಿತ್ತು. ಅವರ ಹಳೆಯ ಹಣತೆಯೋ ಬೇರೆಯೋ ತಿಳಿಯಲಿಲ್ಲ. ಕೈಮುಗಿದು ಪಂಕ್ತಿಯಲ್ಲಿ ಕೂತೆ. ಪಕ್ಕದಲ್ಲಿ ಮಂಜಪ್ಪ ಬಂದು ಕೂತ. ಎದುರಿನ ಸಾಲಿನ ಹಿರಿಯರೊಬ್ಬರು, ನೀವು ಅವನ ಜೊತೆ ಕೆಲಸ ಮಾಡಿದವರೇನು ಅಂತ ಕೇಳಿದರು.

“ಹೂನ್ರಿ” ಅಂದ ಮಂಜಪ್ಪ. ಒಳ್ಳೆಯ ಮನುಷ್ಯ, ಸಾವಿನ ಮನೆಯಲ್ಲಿ ದನಿ ತಗ್ಗಿಸಿದ. “ಕೈ ಭಾಳ ಚಲೋ ಇತ್ತು. ಅಂಥಾ ಕೈ ಮತ್ತ ಬರಲ್ಲ. ಗುಂಡಿಗಿ ಒಂದು ಇರಲಿಲ್ಲ, ಪಾಪ. ಈ ಸಾಹೇಬ್ರನ್ನೇ ಕೇಳ್ರಿ.”

ಹಿರಿಯರು ನನ್ನ ಕಡೆ ನೋಡಿದರು. ಎಲೆಗೆ ಹೋಳಿಗೆ ಬಿದ್ದಿತ್ತು. ಬಡಿಸಿದವಳು ಅವರ ಮಗಳು. ಪಾತ್ರೆ ಹಿಡಿದು ಅಲ್ಲೇ ನಿಂತಳು. ಬಾಗಿಲ ಹತ್ತಿರ ಅವರ ಹೆಂಡತಿ ಗೋಡೆಗೆ ಒರಗಿ ನಿಂತಿದ್ದರು. ಎಲೆಯಿಂದ ಕೈ ತೆಗೆದೆ.

“ಸಿಲಿಂಡರ್ ತೆಗೆದೋನು ನಾನು” ಅಂದೆ. “ಮೇಸ್ತ್ರಿ ಮುಚ್ಚಿ ಹೋಗಿದ್ರು. ನಾನು ನನ್ನ ಚಾವಿಯಿಂದ ತೆಗೆದು ಹಂಗೇ ಬಿಟ್ಟೆ. ಹಣತೆ ಇಳಿಸದೆ ಇಳಿದೋನೂ ನಾನೇ. ಅವತ್ತು ಅವರು ನಿನಗೆ ಹೊಡೆದು ತಡೀದಿದ್ರೆ ನೀನೂ ಸಾಯ್ತಿದ್ದೆ ಮಂಜಪ್ಪ. ಇಬ್ಬರನ್ನೂ ಉಳಿಸಿದೋರು ಅವರು.”

ಪಂಕ್ತಿಯಲ್ಲಿ ಕೈಗಳು ನಿಂತವು. ಮಂಜಪ್ಪ ನನ್ನ ಮುಖವನ್ನೇ ನೋಡಿದ. “ಮತ್ತ ನಾನು ಎಲ್ಡು ವರ್ಷ ಊರತುಂಬ ಏನೇನ್ ಅಂದ್ನಲ್ರಿ ಸಾರ್...” ಅಂದ. ಎಲೆಯ ಮುಂದೆ ತಲೆ ತಗ್ಗಿಸಿದ. ನನಗೆ ಎದ್ದು ಓಡಬೇಕೆನಿಸಿತು, ಪಂಕ್ತಿಯ ನಡುವಿನಿಂದ ಏಳುವ ಹಾಗಿರಲಿಲ್ಲ.

ಅವರ ಹೆಂಡತಿ ನಿಧಾನಕ್ಕೆ ನಡೆದು ಬಂದು ನನ್ನ ಎಲೆಯ ಮುಂದೆ ನಿಂತರು.

“ನೀವೇ ಏನ್ರಿ ಆ ಮೂರು ಡಿಗ್ರಿ ಸಾಹೇಬ್ರು?”

ಹೌದು ಅಂದೆ.

“ನನಗ ಎಲ್ಲಾ ಹೇಳಿದ್ರು. ಊರಾಗ ಹೇಳಾನ ನಡೀರಿ ಅಂದ್ರೆ, ‘ಬ್ಯಾಡ, ಅವರೇ ಬರ್ತಾರೆ. ಆ ಮನುಷ್ಯ ಕರಗೋದು ಮೂರೇ ಡಿಗ್ರಿ, ಆದ್ರೆ ಕರಗ್ತಾನೆ’ ಅಂತಿದ್ರು. ಸ್ಕೂಟರ್ ಸಪ್ಪಳ ಆದ್ರೆ ಎದ್ದು ಬಾಗಲಿಗೆ ಬರೋರು.” ಅವರ ದನಿ ಏರಲಿಲ್ಲ. “ಅವರು ಕಾದ್ರು. ನಾನು ಕಾಯಲಿಲ್ರಿ.”

ಮಗಳ ಪಾತ್ರೆಯಿಂದ ಇನ್ನೊಂದು ಹೋಳಿಗೆ ತೆಗೆದು ನನ್ನ ಎಲೆಗೆ ಹಾಕಿದರು.

“ಆರಿ ಹೋಗ್ತಾವೆ. ಊಟ ಮಾಡ್ರಿ.”

ತುಪ್ಪ ಬಡಿಸುವವನು ಬಂದ. ಬೇಡ ಅನ್ನದೆ ಹಾಕಿಸಿಕೊಂಡೆ. ಎಲೆಯಲ್ಲಿ ಇದ್ದದ್ದನ್ನೆಲ್ಲ ಉಂಡೆ.